ಮುಖ ನೋಡದ ಗಂಗುಬಾಯಿ

ಗಾಣಗಾಪುರದ ಕೋಳಿಗಳು ಗಂಗುಬಾಯಿ ರೊಟ್ಟಿ ತಟ್ಟುವ ಸದ್ದಿಗೇ ಎದ್ದು ಕೂಗುತ್ತವೆ. ಆ ಸದ್ದು ಭೀಮೆಯನ್ನು ದಾಟಿ ಸೊಲ್ಲಾಪುರದವರೆಗೂ ಕೇಳುತ್ತದೆ ಎಂದು ಪೇಪರಿನಲ್ಲಿ ಬರೆಯುವವನೇ ನಾನು. ಆದರೆ ನನ್ನ ಮಾತನ್ನು ನಂಬುವ ಕಾಲ ಮುಗಿದಿದೆ. ಅದಕ್ಕೇ ಈ ಬರಹ.

ಅರವತ್ತೆರಡರ ಗಂಗುಬಾಯಿ ಲಾಡ್ಜೊಂದರಲ್ಲಿ ಕೋಣೆ ಗುಡಿಸುತ್ತಾರೆ. ಆ ಕೂಲಿಯಲ್ಲೇ ಜೋಳ ತಂದು ಮೂವತ್ತು ವರ್ಷಗಳಿಂದ ಮಧುಕರಿ, ಅಂದರೆ ಮನೆಮನೆ ಬೇಡಿ ಬರುವವರಿಗೆ ಭಿಕ್ಷೆ, ನೀಡುತ್ತಾರೆ. ದತ್ತಾತ್ರೇಯರು ಯಾವ ವೇಷದಲ್ಲಾದರೂ ಭಿಕ್ಷೆಗೆ ಬಂದಾರೆಂಬ ನಂಬಿಕೆಯಿಂದ ಇಲ್ಲಿ ಊರವರು ನೀಡುತ್ತಾರೆ, ಭಕ್ತರು ಐದು ಮನೆ ಬೇಡುತ್ತಾರೆ. ದಿನಕ್ಕೆ ಇಪ್ಪತ್ತೆರಡು ರೊಟ್ಟಿ. ಈ ಸಲ ಕೂತು ಎಣಿಸಿದ್ದೇನೆ. ಹಿಂದಿನ ಲೇಖನದಲ್ಲಿ ಮುನ್ನೂರು ಎಂದಿದ್ದೆ.

"ನೀಡುವಾಗ ಮಾರಿ ನೋಡಂಗಿಲ್ರಿ. ನೋಡಿದ್ರ ಇಂವ ಯಾರು, ಯಾವ ಮಂದಿ ಅಂತ ಮನಸ್ಸಿಗೆ ಬರ್ತದ. ಜೋಳಿಗಿ ನೋಡ್ತೇನಿ, ಹಾಕ್ತೇನಿ" ಎನ್ನುತ್ತಾರೆ. ಮುಖ ಸುಟ್ಟ ಹೆಂಗಸು, ಜೈಲಿನಿಂದ ಬಿಟ್ಟು ಬಂದವರು, ಹೀಗೆ ಮುಖ ತೋರಿಸಲಾರದವರೆಲ್ಲ ಹುಡುಕಿಕೊಂಡು ಬರುತ್ತಿದ್ದುದು ಈ ಬಾಗಿಲಿಗೇ.

ಅದನ್ನು ಕೆಡಿಸಿದವನು ನಾನು. ಪ್ರವಚನಕಾರ ಗುರುನಾಥ ಮಹಾರಾಜರು ಇಲ್ಲಿ ಹನ್ನೆರಡು ವರ್ಷ ಮಧುಕರಿ ಬೇಡಿ ಅನುಷ್ಠಾನ ಮಾಡಿದ್ದು ನಿಜವೇ ಎಂದು ಟೀವಿಗಳಲ್ಲಿ ಜಗಳ ಎದ್ದಿತ್ತು. ಸತ್ಯ ಪತ್ತೆಹಚ್ಚುವ ಕೆಲಸ ನನ್ನ ಪಾಲಿಗೆ ಬಂತು. ಕಲಬುರಗಿಯ ಕುರ್ಚಿಯಿಂದ ಏಳದೆ ಪತ್ತೆಹಚ್ಚಿದೆ! "ನಸುಕಿನಲ್ಲಿ ಗಂಗುಬಾಯಿ ಬಿಸಿ ರೊಟ್ಟಿ ನೀಡುತ್ತಿದ್ದಳು" ಎಂದು ಮಹಾರಾಜರು ಫೋನಿನಲ್ಲಿ ಹೇಳಿದರು. "ಆ ಮುಖ ಮರೆಯೋದುಂಟೇ" ಎಂದು ಗಂಗುಬಾಯಿ ಕಣ್ಣೀರಿಟ್ಟರೆಂದು ಬರೆದದ್ದು ನನ್ನ ಕೈಚಳಕ. ಶಿಷ್ಯರು ಆ ಲೇಖನವನ್ನೇ ಬ್ಯಾನರ್ ಮಾಡಿಸಿ ಗಂಗುಬಾಯಿಯ ಬಾಗಿಲೆದುರು ಕಟ್ಟಿದರು.

ಸೊಸೆ ಸೀಮಾ ಅದನ್ನು ತೋರಿಸಿ ಕೈ ಮುಗಿಯುತ್ತಾಳೆ. "ಬರ್ರಿ ದೊಡ್ಡ ಸಾಹೇಬ್ರ! ನಸುಕಿನ್ಯಾಗ ಮಧುಕರಿ ಯಾರ್ ಹಾಕ್ತಾರ್ರಿ? ಹೊತ್ತು ನೆತ್ತಿಗಿ ಬರೂತನಕ ಇಲ್ಲಿ ಯಾರೂ ಜೋಳಿಗಿ ಹಿಡಿಯಂಗಿಲ್ಲ. ಊರಾಗಿನ ಕೂಸಿಗೂ ಗೊತ್ತದ."

ಕಲಬುರಗಿಯ ಪಂಡಿತನಿಗೆ ಗೊತ್ತಿರಲಿಲ್ಲ. ಹಂಗಾದರೆ ಮಹಾರಾಜರು ಬಂದೇ ಇಲ್ಲವೇ ಎಂದು ಕೇಳುತ್ತೇನೆ.

"ಬಂದಾರೋ ಇಲ್ಲೋ ನನಗೇನ್ ಗೊತ್ರಿ" ಎನ್ನುತ್ತಾರೆ ಗಂಗುಬಾಯಿ. "ಮಾರಿ ನೋಡಿದ್ರ ಹೇಳ್ತಿದ್ದೆ."

ಮಧ್ಯಾಹ್ನ ಬಾಗಿಲಲ್ಲಿ ಕೂರುತ್ತೇನೆ. ಸೆರಗಿನಲ್ಲಿ ಮುಖ ಮುಚ್ಚಿಕೊಂಡ ಒಬ್ಬಾಕೆ ಬರುತ್ತಾಳೆ, ಬ್ಯಾನರ್ ಕಂಡವಳೇ ಮುಂದಿನ ಮನೆಗೆ ಸರಿಯುತ್ತಾಳೆ. ಅವಳ ಹಿಂದೆ ಮತ್ತೊಬ್ಬ. ಇಪ್ಪತ್ತೆರಡರಲ್ಲಿ ಹದಿನೇಳು ರೊಟ್ಟಿ ಬುಟ್ಟಿಯಲ್ಲೇ ಉಳಿಯುತ್ತವೆ.

"ಮುದುಕಿ ಮಾರಿ ನೆನಪಿಟ್ಟು ಪೇಪರ್‌ನವರಿಗೆ ಹೇಳ್ತಾಳ ಅಂತ ತಿಳಕೊಂಡಾರ್ರಿ" ಎನ್ನುತ್ತಾರೆ ಗಂಗುಬಾಯಿ.

"ಮತ್ತೆ ಇಪ್ಪತ್ತೆರಡೂ ಯಾಕೆ ತಟ್ಟುತ್ತೀರಿ ಅವ್ವಾ?"

"ತಿರುಗಿ ಬಂದ್ರ? ಬರಿಗೈಲೆ ಹೋಗಬಾರ್ದಲ್ರಿ."

ಬ್ಯಾನರ್ ಬಿಚ್ಚುತ್ತೇನೆ. ಮೊದಲ ಪುಟದಲ್ಲಿ ನಿಮ್ಮ ಆಳೆತ್ತರದ ಫೋಟೊ ಹಾಕಿಸಿ ತಪ್ಪೊಪ್ಪಿಕೊಳ್ಳುತ್ತೇನೆ ಎನ್ನುತ್ತೇನೆ. ಗಂಗುಬಾಯಿ ನನ್ನ ಕೈಗೆ ಒಂದು ರೊಟ್ಟಿ ಇಡುತ್ತಾರೆ, ತಲೆ ಎತ್ತದೆ.

"ಫೋಟೊ ಬ್ಯಾಡ್ರಿ. ಗಂಗುಬಾಯಿ ಮಾರಿ ನೋಡಂಗಿಲ್ಲ, ಬರ್ರಿ ಅಂತ ಬರೀರಿ. ಸಾಕು."

ಬರೆದಿದ್ದೇನೆ. ಒಂದಕ್ಷರವೂ ಕೂಡಿಸಿಲ್ಲ.