ವ್ಯಾನ್ ಮಾಮನ ಬೆಳಗಿನ ಪಾಡು

ಇಲ್ಲ ಸ್ವಾಮಿ, ಕಣ್ಣು ಬಿಟ್ಟುಕೊಂಡೇ ನಿದ್ದೆ ಹೊಡೆದ. ನಗಬೇಡಿ. ಹಾಗೆ ಯಾರಾದರೂ ಮಲಗುತ್ತಾರಾ ಅಂತ ಕೇಳುತ್ತಿದ್ದೀರಿ ಅಂದರೆ ನೀವು ವ್ಯಾನ್ ಮಾಮನನ್ನು ನೋಡಿಲ್ಲ, ಅಷ್ಟೆ. ಮನೆಮನೆಯ ಮುಂದೆ ನಿಂತು ಮಕ್ಕಳನ್ನು ಹತ್ತಿಸಿಕೊಂಡು ಶಾಲೆಗೆ ಬಿಡುವ ಹಳದಿ ವ್ಯಾನು ಅವನದು. ಮಕ್ಕಳಿಗೆ ಮಾಮ, ಹಾಗಾಗಿ ಮಕ್ಕಳ ಅಪ್ಪಂದಿರಿಗೂ ಮಾಮ, ಅಜ್ಜಿಯರಿಗೂ ಮಾಮ. ಅವನು ಗೊರಕೆ ಹೊಡೆದರೆ ಅಂಗಳದಲ್ಲಿ ನಿಂತ ವ್ಯಾನಿನ ವೈಪರು ತಾನಾಗಿಯೇ ಆಡುತ್ತಿತ್ತು. ಬಿಡಿ, ಅದು ಸ್ವಲ್ಪ ಸುಳ್ಳೇ. ಮಿಕ್ಕಿದ್ದೆಲ್ಲ ನಿಜ.

ಅವನ ಹೆಂಡತಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ. ಬೆಳಕು ಹರಿಯುವ ಮುಂಚೆಯೇ ಹೊರಟುಬಿಡುತ್ತಿದ್ದಳು. ಮನೆಯಲ್ಲಿ ಒಂದು ಕಾಲು ಸ್ವಾಧೀನ ತಪ್ಪಿದ ಅಪ್ಪ. ಅವರನ್ನು ಎಬ್ಬಿಸಿ, ನೀರು ಕಾಯಿಸಿ, ಸ್ಟೂಲಿನ ಮೇಲೆ ಕೂರಿಸಿ ಸ್ನಾನ ಮಾಡಿಸಿ, ಗಡ್ಡ ಹೆರೆದು, ತಿಂಡಿ ಕೊಟ್ಟು ಹೊರಡುವಷ್ಟರಲ್ಲಿ ಮಾಮನ ಹೊತ್ತು ಮೀರುತ್ತಿತ್ತು. ಎರಡು ದಿನ ಗಂಟೆ ಹೊಡೆದಾದ ಮೇಲೆ ವ್ಯಾನು ಶಾಲೆ ಸೇರಿತು. ಹೆಡ್‌ಮಿಸ್ಸು ಕರೆದು, "ಇನ್ನೊಂದ್ಸಲ ಲೇಟಾದ್ರೆ ಬೇರೆ ವ್ಯಾನ್ ನೋಡ್ಕೋತೀವಿ" ಅಂದುಬಿಟ್ಟರು.

ಮಾಮ ಹೋಗಿ ಮಹಡಿ ಮನೆಯ ಡ್ರಿಲ್ ಮೇಷ್ಟ್ರ ಹತ್ತಿರ ಹೇಳಿಕೊಂಡ. ರಿಟೈರಾದ ಮೇಲೆ ಅವರಿಗೂ ಅಟೆನ್ಷನ್ನು ಅನ್ನುವುದಕ್ಕೆ ಯಾರೂ ಸಿಕ್ಕಿರಲಿಲ್ಲ.

"ನಿನಗೆ ಶಿಸ್ತಿಲ್ಲ ಕಣಯ್ಯಾ. ನಾಳೆಯಿಂದ ಕೋಳಿಗಿಂತ ಮುಂಚೆ ಏಳು. ಓಡು. ತಣ್ಣೀರು ಸುರ್ಕೋ. ಕಣ್ಮುಚ್ಚಿ ಕೂತ್ಕೋ. ಇಡೀ ದಿನ ನಿನ್ನ ಮುಷ್ಟಿಯಲ್ಲಿರತ್ತೆ!"

"ಅಪ್ಪನ ಸ್ನಾನ, ಮೇಷ್ಟ್ರೇ?"

"ಅದನ್ನೂ ಮಾಡ್ಸು. ಎಲ್ಲಾ ಮಾಡು!"

ಎಲ್ಲಾ ಮಾಡಿದ. ಬೀದಿನಾಯಿಗಳು ಮೊದಲು ಅಟ್ಟಿಸಿಕೊಂಡು ಬಂದವು, ಆಮೇಲೆ ಸುಸ್ತಾಗಿ ಮಲಗಿದವು. ಇವನು ಮಾತ್ರ ಓಡಿದ. ಶಾಲೆಯ ಬೀಗ ತೆಗೆಯುವ ಮೊದಲೇ ವ್ಯಾನು ಅಲ್ಲಿರುತ್ತಿತ್ತು. ಹೆಡ್‌ಮಿಸ್ಸು ನಕ್ಕರು. ನಿದ್ದೆ ಅರ್ಧಕ್ಕೆ ಇಳಿದಿದ್ದು ಮಾತ್ರ ಯಾರ ಲೆಕ್ಕಕ್ಕೂ ಬರಲಿಲ್ಲ.

ಒಂದು ಬೆಳಿಗ್ಗೆ ರೈಲ್ವೆ ಗೇಟು ಹಾಕಿತ್ತು. ಸಾಲಿನಲ್ಲಿ ಇವನದೇ ಮೊದಲ ಗಾಡಿ. ಇಳಿಜಾರಿನಲ್ಲಿ ಬ್ರೇಕ್ ಒತ್ತಿ ಹಿಡಿದು ಕಾದ. ರೈಲು ದೂರದಲ್ಲಿ ಬರುವುದನ್ನು ನೋಡಿದ. ಅದು ಹತ್ತಿರ ಬಂದಿದ್ದು ಗೊತ್ತಾಗಲಿಲ್ಲ.

ಯಾರೋ ಕಿವಿ ಹಿಡಿದು ಎಳೆದರು. ಹಿಂದಿನ ಸೀಟಿನ ಪುಟ್ಟ ಹುಡುಗಿ.

"ಮಾಮಾ, ಗೇಟನ್ನ ತಳ್ತಾ ಇದೀವಿ!"

ಬ್ರೇಕಿನಿಂದ ಕಾಲು ಜಾರಿತ್ತು. ವ್ಯಾನಿನ ಮೂತಿ ಗೇಟಿನ ಕಂಬಿಗೆ ಒತ್ತಿಕೊಂಡಿತ್ತು, ಕಂಬಿ ಬಾಗುತ್ತಿತ್ತು, ಆಚೆಗೆ ಬೋಗಿಯ ಹಿಂದೆ ಬೋಗಿ ಧಡಧಡ ಓಡುತ್ತಿತ್ತು. ಮಾಮ ಹ್ಯಾಂಡ್‌ಬ್ರೇಕು ಎಳೆದ. ಕೊನೆಯ ಬೋಗಿ ದಾಟುವವರೆಗೆ ಅದನ್ನು ಬಿಡಲಿಲ್ಲ. ಮಕ್ಕಳು ಚಪ್ಪಾಳೆ ತಟ್ಟಿದರು: "ಇನ್ನೊಂದ್ಸಲ ಮಾಮಾ, ಇನ್ನೊಂದ್ಸಲ!"

ಅವನು ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡ. ಹಿಂದಿನವರು ಬೈಯುತ್ತಲೇ ವ್ಯಾನನ್ನು ಪಕ್ಕಕ್ಕೆ ನೂಕಿದರು. ಬೇರೆ ಡ್ರೈವರಿಗೆ ಫೋನು ಮಾಡಿ ಕರೆಸಿ ಮಕ್ಕಳನ್ನು ಕಳಿಸಿದ. ಶಾಲೆಗೆ ತಡವಾಯಿತು. ಮೂರನೇ ಸಲ.

ಹೆಡ್‌ಮಿಸ್ಸಿನ ಮುಂದೆ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಆಕೆ ಕೈಯಲ್ಲಿದ್ದ ಲೋಟ ಕೆಳಗಿಟ್ಟರು.

"ಒಂದು ವಾರ ಸ್ಟೀರಿಂಗ್ ಮುಟ್ಟಬೇಡಿ. ನಿದ್ದೆನೂ ಆಗಿರಬೇಕು, ಟೈಮಿಗೂ ಬರಬೇಕು. ಅದು ಹೇಗೆ ಅಂತ ಬಂದು ಹೇಳಿ. ನನಗೆ ಸರಿ ಅನ್ನಿಸಿದ್ರೆ ಮಕ್ಕಳನ್ನ ಕೊಡ್ತೀನಿ, ಇಲ್ಲಾಂದ್ರೆ ಇಲ್ಲ."

ಮನೆಗೆ ಬಂದು ಅಪ್ಪನ ಮಂಚದ ಹತ್ತಿರ ತಲೆ ಹಿಡಿದು ಕೂತ.

"ಓಟ ಬಿಟ್ರೂ, ತಣ್ಣೀರು ಬಿಟ್ರೂ ಹೊತ್ತು ಸಾಲಲ್ಲ ಅಪ್ಪಾ. ನಿಮ್ಮ ಸ್ನಾನ ಬಿಡೋಕಾಗಲ್ವಲ್ಲ."

"ಲೋ, ಬೆಳಿಗ್ಗೆನೇ ಬೇಕು ಅಂತ ನಾನ್ಯಾವಾಗ ಅಂದೆ?"

"ಅಂದ್ರೆ?"

"ಆ ಚಳಿಗೆ ಹಲ್ಲು ಕಟಕಟ ಅನ್ನತ್ತೆ. ಮಗ ಪ್ರೀತಿಯಿಂದ ಮಾಡಿಸ್ತಾನೆ, ಬೇಡ ಅಂದ್ರೆ ನೊಂದ್ಕೋತಾನೆ ಅಂತ ಬಾಯಿ ಮುಚ್ಕೊಂಡು ಕೂರ್ತಿದ್ದೆ."

"ಇಷ್ಟು ವರ್ಷ?"

"ನೀನು ಕೇಳಿದ್ರೆ ತಾನೇ ನಾನು ಹೇಳೋದು!"

ರೈಲ್ವೆ ಗೇಟಿನ ಪೆಟ್ಟಿಗಿಂತ ಇದು ಜೋರಾಗಿ ಬಿತ್ತು. ಮಾಮ ಹಣೆ ಚಚ್ಚಿಕೊಂಡ. ಅಪ್ಪನಿಗೆ ನಗು ತಡೆಯಲಾಗಲಿಲ್ಲ.

ಅಂದಿನಿಂದ ಸ್ನಾನ ಮಧ್ಯಾಹ್ನಕ್ಕೆ ಹೋಯಿತು, ಎರಡು ಟ್ರಿಪ್ಪಿನ ನಡುವೆ, ಬಿಸಿಲು ಬೀಳುವ ಜಾಗದಲ್ಲಿ. ಗಡ್ಡ ದಿನ ಬಿಟ್ಟು ದಿನ. ಬೆಳಿಗ್ಗೆ ಅಪ್ಪ ಮಗ ಇಬ್ಬರಿಗೂ ಚಹಾ, ತಿಂಡಿ, ಆಮೇಲೆ ವ್ಯಾನು. ಡ್ರಿಲ್ ಮೇಷ್ಟ್ರು ಮೆಟ್ಟಿಲ ಮೇಲಿಂದಲೇ, "ಇದೂ ಒಂದು ಶಿಸ್ತೇನಯ್ಯಾ?" ಅಂತ ಗದರಿದರು. "ಇಷ್ಟು ಮಾತ್ರ ನನ್ನ ಕೈಲಾಗೋದು ಮೇಷ್ಟ್ರೇ" ಅಂದ.

ಈ ಲೆಕ್ಕ ಒಪ್ಪಿಸಿ, ವಾರ ಕಳೆದು ವ್ಯಾನು ಮತ್ತೆ ಹೊರಟ ದಿನ ಹೆಡ್‌ಮಿಸ್ಸು ತಾವೇ ಮುಂದಿನ ಸೀಟಿನಲ್ಲಿ ಕೂತರು. ರಸ್ತೆ ನೋಡಲಿಲ್ಲ, ಇವನ ಕಣ್ಣನ್ನೇ ನೋಡಿದರು. ಶಾಲೆಯಲ್ಲಿ ಇನ್ನೂ ಗಂಟೆ ಹೊಡೆದಿರಲಿಲ್ಲ. ಇಳಿದು, ಸೀರೆ ಸರಿಮಾಡಿಕೊಂಡು, "ನಾಳೆನೂ ಬನ್ನಿ" ಅಂದರು. ಮಾಮ ಆಮೇಲೆ ಏನು ಮಾಡಿದ ಅಂದರೆ—

"ಅಜ್ಜಾ, ಬಡಿಸಿ ಎಷ್ಟೊತ್ತಾಯ್ತು! ಮುದ್ದೆ ಆರಿ ಕಲ್ಲಾಗ್ತಿದೆ!"

ಬಂದೆ ಕಣಮ್ಮಾ, ಬಂದೆ. ಮೊಮ್ಮಗಳು ಊಟಕ್ಕೆ ಕರೀತಿದ್ದಾಳೆ ಸ್ವಾಮಿ, ಮಿಕ್ಕಿದ್ದು ಆಮೇಲೆ.