ಬಂದೂಕಿನ ಲೈಸೆನ್ಸಿಗೆ ಲ್ಯಾಮಿನೇಶನ್

ಅವರ ಬಲಗೈ ಹೆಬ್ಬೆರಳಿನ ಉಗುರು ಉದ್ದಕ್ಕೆ ಸೀಳಿ ಎರಡಾಗಿತ್ತು. ಸೈನ್ಯದಲ್ಲಿದ್ದಾಗ ಬಂದೂಕಿನ ಬೋಲ್ಟಿಗೆ ಸಿಕ್ಕಿಕೊಂಡದ್ದಂತೆ. ಸೀಳಿನ ಸಂದಿಯಲ್ಲಿ ಡೀಸೆಲ್ಲಿನ ಕಪ್ಪು ಕಾಯಂ ಆಗಿ ನೆಲೆಸಿತ್ತು. ಆ ಉಗುರನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ. ರಸ್ತೆಯಲ್ಲಿ ಪೊಲೀಸರು ಕೈ ಅಡ್ಡ ಹಿಡಿದಾಗಲೆಲ್ಲ ಅವರು ಹತ್ತೂ ಬೆರಳುಗಳನ್ನು ಬಿಡಿಸಿ ಸ್ಟಿಯರಿಂಗ್ ಮೇಲೆ ಇಟ್ಟುಬಿಡುತ್ತಿದ್ದರು. ಪಕ್ಕದಲ್ಲಿ ಕುಳಿತ ನಾನು ಪೊಲೀಸರ ಮುಖ ನೋಡುವ ಧೈರ್ಯವಿಲ್ಲದೆ ಆ ಉಗುರನ್ನೇ ನೋಡುತ್ತಿದ್ದೆ.

ಎಂಬತ್ತರ ದಶಕದ ನಡುವೆ ನಾನು ಕಾರ್ಕಳದ ಕಡೆಯಿಂದ ಮಸ್ಕತ್ತಿಗೆ ಬಂದೆ. ವಾದಿ ಅದಾಯ್‌ನಲ್ಲಿ ಡೀಸೆಲ್ ಪಂಪು ಮಾರುವ ಒಂದು ಕಂಪನಿಯಲ್ಲಿ ರಿಪೇರಿ ಕೆಲಸ. ಪಂಪುಗಳೆಲ್ಲ ಇದ್ದದ್ದು ಒಳನಾಡಿನ ಖರ್ಜೂರದ ತೋಟಗಳಲ್ಲಿ. ಇಜ್ಕಿ, ನಿಜ್ವಾ, ಬಹ್ಲಾ. ನನ್ನನ್ನೂ ನನ್ನ ಸ್ಪ್ಯಾನರ್ ಪೆಟ್ಟಿಗೆಯನ್ನೂ ಅಲ್ಲಿಗೆ ಮುಟ್ಟಿಸಲು ಕಂಪನಿ ಒಬ್ಬ ಒಮಾನಿ ಚಾಲಕರನ್ನು ಅವರದೇ ಪಿಕಪ್ ಸಮೇತ ತಿಂಗಳ ಲೆಕ್ಕದಲ್ಲಿ ಗೊತ್ತು ಮಾಡಿತ್ತು. ಬಹ್ಲಾದ ಆಚೆಯ ಹಳ್ಳಿಯವರು. ಐವತ್ತೈದು ದಾಟಿತ್ತು. ನಾವೆಲ್ಲ ಅವರನ್ನು ಶೇಬಾ ಎನ್ನುತ್ತಿದ್ದೆವು. ಅರಬಿಯಲ್ಲಿ ಮುದುಕ ಎಂದರ್ಥ. ಅವರಿಗೆ ಅದರಲ್ಲಿ ಬೇಸರವೇನೂ ಇರಲಿಲ್ಲ. ಸೈನ್ಯದಲ್ಲಿ ಬಲೂಚಿಗಳ ಜೊತೆ ಇದ್ದು ಕಲಿತ ಉರ್ದು ಅವರಿಗೆ ಬರುತ್ತಿತ್ತು, ಹಿಂದಿ ಸಿನಿಮಾ ನೋಡಿ ಕಲಿತ ಹಿಂದಿ ನನಗೆ ಬರುತ್ತಿತ್ತು. ಎರಡೂ ಅರ್ಧಂಬರ್ಧ, ಆದ್ದರಿಂದ ಜಗಳಕ್ಕೆ ಆಸ್ಪದವಿರಲಿಲ್ಲ.

ಅವರ ಬಳಿ ಬಂದೂಕು ಇದೆ ಎಂಬುದು ನನಗೆ ತಿಳಿದದ್ದು ಪೊಲೀಸರ ಎದುರಿಗೇ. ಕೆಲಸಕ್ಕೆ ಸೇರಿದ ಎರಡನೆಯ ವಾರ. ರುಸೈಲ್ ದಾಟಿ ನಿಜ್ವಾ ರಸ್ತೆಗೆ ತಿರುಗಿದ ಮೇಲೆ ಒಂದು ಕಡೆ ತಪಾಸಣೆಗೆ ಗಾಡಿಗಳನ್ನು ನಿಲ್ಲಿಸುತ್ತಿದ್ದರು. ಶೇಬಾ ಇಂಜಿನ್ ಆರಿಸಿದರು, ಗಾಜು ಇಳಿಸಿದರು, ಕೈಗಳನ್ನು ಸ್ಟಿಯರಿಂಗ್ ಮೇಲೆ ಹರಡಿದರು. ಪೊಲೀಸಿನವನು ಸಲಾಂ ಹೇಳಿದ. ಇವರು ಸಲಾಂ ಹೇಳಿ, ಅವನು ಬಾಯಿ ತೆರೆಯುವ ಮೊದಲೇ ಅರಬಿಯಲ್ಲಿ ಏನೋ ಹೇಳಿದರು. ಅವನು ನಮ್ಮ ಸೀಟಿನ ಹಿಂದೆ ಬಗ್ಗಿ ಒಂದು ಕಂಬಳಿಯ ಸುರುಳಿಯನ್ನು ಬಿಚ್ಚಿದ. ಒಳಗೆ ಮರದ ಹಿಡಿಯ ಒಂದು ಹಳೆಯ ರೈಫಲ್. ಅಷ್ಟು ಹೊತ್ತು ನಾನು ಅದಕ್ಕೇ ಒರಗಿಕೊಂಡು ನಿದ್ದೆ ಮಾಡಿದ್ದೆ.

ಕತೆ ಮುಗಿಯಿತು ಎಂದುಕೊಂಡೆ. ಊರಿನಲ್ಲಿ ಅಮ್ಮನಿಗೆ ಯಾರು ಹೇಗೆ ಸುದ್ದಿ ಮುಟ್ಟಿಸುತ್ತಾರೆ ಎಂದು ಕೂಡ ಯೋಚಿಸಿದೆ. ಪೊಲೀಸಿನವನು ಲೈಸೆನ್ಸ್ ನೋಡಿದ, ರೈಫಲ್ ಮೇಲಿನ ನಂಬರು ನೋಡಿದ, ಕಂಬಳಿಯನ್ನು ಮೊದಲಿಗಿಂತ ನೀಟಾಗಿ ಸುತ್ತಿಟ್ಟ. ಆಮೇಲೆ ಗಾಡಿಯನ್ನೊಮ್ಮೆ ಸುತ್ತಿ ಬಂದು, ಬಾನೆಟ್ ಮೇಲೆ ಬೆರಳಿಂದ ಗೀರಿ ಧೂಳು ತೋರಿಸಿ, ಗಾಡಿ ತೊಳೆಯದೆ ರಸ್ತೆಗೆ ತಂದದ್ದಕ್ಕೆ ದಂಡದ ಚೀಟಿ ಹರಿದುಕೊಟ್ಟ. ಬಂದೂಕಿಗೆ ಸಲಾಂ, ಧೂಳಿಗೆ ದಂಡ. ನನಗೆ ನಗು ಬಂತು. ಆದರೆ ನಗಲಿಲ್ಲ, ಅವನು ಇನ್ನೂ ಹತ್ತಿರದಲ್ಲೇ ಇದ್ದ.

ಬಂದೂಕು ಅವರ ತಂದೆಯದು. ಲೈಸೆನ್ಸ್ ಇವರ ಹೆಸರಿನಲ್ಲಿತ್ತು. ಹಳ್ಳಿಯಲ್ಲಿ ಬಿಟ್ಟರೆ ಮಕ್ಕಳು ಮುಟ್ಟುತ್ತಾರೆ, ವಾದಿ ಅದಾಯ್‌ನ ಬಾಡಿಗೆ ಕೋಣೆಯಲ್ಲಿ ಬಿಟ್ಟರೆ ಯಾರಾದರೂ ಒಯ್ಯುತ್ತಾರೆ ಎಂದು ಜೊತೆಯಲ್ಲೇ ಒಯ್ಯುತ್ತಿದ್ದರು. ಗುಂಡುಗಳು ಬೇರೆಯಾಗಿ, ಡ್ಯಾಶ್‌ಬೋರ್ಡಿನೊಳಗೆ ಹಾಲಿನ ಪುಡಿಯ ಡಬ್ಬಿಯಲ್ಲಿ. ಶುಕ್ರವಾರ ಎಲ್ಲಾದರೂ ಮದುವೆಯಿದ್ದರೆ ಬಂದೂಕು ಹೆಗಲೇರುತ್ತಿತ್ತು. ಅವರ ಕಡೆ ಗಂಡಸರು ಸಾಲಾಗಿ ಹಾಡುತ್ತಾ ಮದುವೆ ಮನೆಗೆ ಹೋಗುವಾಗ ಹಿರಿಯರ ಹೆಗಲಲ್ಲಿ ಬಂದೂಕು ಇರಲೇಬೇಕು. ಅದರಿಂದ ಯಾರನ್ನಾದರೂ ಹೊಡೆದಿದ್ದೀರಾ ಎಂದು ಒಮ್ಮೆ ಕೇಳಿದೆ. "ಒಂದು ನರಿ. ಅದೂ ತಪ್ಪಿಸಿಕೊಂಡಿತು" ಎಂದರು.

ಪೊಲೀಸರೊಂದಿಗೆ ವ್ಯವಹರಿಸುವ ಅವರ ಕ್ರಮ ಮಾತ್ರ ನಮಾಜಿನಷ್ಟು ಖಚಿತವಾಗಿತ್ತು. ಕೇಳುವ ಮೊದಲೇ ಹೇಳಬೇಕು. ಹೇಳುವ ಮೊದಲು ಕೈ ಆಡಿಸಬಾರದು. ಕಾಗದ ತೆಗೆಯಬೇಕಾದರೆ ಎಲ್ಲಿದೆ ಎಂದು ಹೇಳಿ, ತೆಗೆಯಲೇ ಎಂದು ಕೇಳಿ ತೆಗೆಯಬೇಕು. ನನ್ನನ್ನು ಅವರು ಸದೀಕ್, ಅಂದರೆ ಗೆಳೆಯ, ಎಂದು ಕರೆಯುತ್ತಿದ್ದರು. ಇಷ್ಟೆಲ್ಲ ಏಕೆ ಎಂದು ಕೇಳಿದ್ದಕ್ಕೆ ಅವರು ಹೇಳಿದ್ದು ಹೀಗೆ: "ನೋಡು ಸದೀಕ್, ನಾನೇ ಹೇಳಿದರೆ ಅದು ಸಾಮಾನು. ಅವರು ಕಂಡುಹಿಡಿದರೆ ಅದು ಬಂದೂಕು." ನನ್ನ ಕ್ರಮ ಇದಕ್ಕೆ ಪೂರ್ತಿ ವಿರುದ್ಧವಾಗಿತ್ತು. ಗಲ್ಫಿಗೆ ಬಂದ ನಮ್ಮವರಿಗೆಲ್ಲ ಸೀನಿಯರುಗಳು ಮೊದಲ ದಿನವೇ ಕಲಿಸುವ ಪಾಠ ಒಂದೇ: ಪೊಲೀಸರು ಕಂಡರೆ ಬಾಯಿಗೆ ಬೀಗ.

ಮೂರು ವರ್ಷ ಹೀಗೆ ಕಳೆದವು. ಎಷ್ಟೋ ಸಲ ನಮ್ಮನ್ನು ನಿಲ್ಲಿಸಿದ್ದಾರೆ, ಬಂದೂಕಿನಿಂದ ಒಮ್ಮೆಯೂ ತೊಂದರೆಯಾಗಲಿಲ್ಲ. ತೊಂದರೆ ತಂದವನು ನಾನು.

ಇಜ್ಕಿಯ ಹತ್ತಿರ ಒಂದು ವಾದಿ ದಾಟಬೇಕಿತ್ತು. ವಾದಿ ಎಂದರೆ ವರ್ಷದಲ್ಲಿ ಹೆಚ್ಚಿನ ದಿನ ಒಣಗಿಯೇ ಇರುವ ಹೊಳೆ. ಬೆಟ್ಟದಲ್ಲಿ ಮಳೆಯಾದರೆ ಮಾತ್ರ ಬರುತ್ತದೆ, ಬಂದರೆ ಸುಮ್ಮನೆ ಬರುವುದಿಲ್ಲ. ಅಂದು ನೀರು ಗಾಡಿಯ ಒಳಗೆ ನುಗ್ಗಿ ಡ್ಯಾಶ್‌ಬೋರ್ಡಿನ ಕಾಗದಗಳೆಲ್ಲ ತೊಯ್ದವು. ಶೇಬಾ ಒಂದೊಂದನ್ನೇ ಬಾನೆಟ್ ಮೇಲೆ ಹರಡಿ, ಮೇಲೆ ಕಲ್ಲಿಟ್ಟು ಒಣಗಿಸಿದರು. ಬಂದೂಕಿನ ಲೈಸೆನ್ಸ್ ಮಡಿಕೆಯಲ್ಲಿ ಹರಿಯುವ ಸ್ಥಿತಿಗೆ ಬಂದಿತ್ತು. "ಮಸ್ಕತ್ತಿನಲ್ಲಿ ಇದರ ಫೋಟೊಕಾಪಿ ತೆಗೆಸಿಡು" ಎಂದು ನನ್ನ ಕೈಗೆ ಕೊಟ್ಟರು.

ಫೋಟೊಕಾಪಿ ಮಾತ್ರ ತೆಗೆಸಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ. ಕಾಗದ ನೋಡಿದ ನಮ್ಮ ಸ್ಟೋರ್‌ಕೀಪರ್, ಉಡುಪಿಯ ಕೊಂಕಣಿಯವರು, "ಇದೆಂತ ಮಾರಾಯ್ರೆ, ಹಪ್ಪಳದ ಹಾಗೆ ಆಗಿದೆ! ಲ್ಯಾಮಿನೇಶನ್ ಮಾಡಿಸಿ ಬಿಡಿ. ನಾನು ನನ್ನ ಮದುವೆ ಸರ್ಟಿಫಿಕೇಟಿಗೂ ಮಾಡಿಸಿದ್ದೇನೆ, ಹೆಂಡತಿಗೂ ಈಗ ಹರಿಯಲಿಕ್ಕೆ ಆಗುವುದಿಲ್ಲ" ಎಂದರು. ಆ ಕಾಲದಲ್ಲಿ ನಮ್ಮವರಿಗೆ ಲ್ಯಾಮಿನೇಶನ್ ಹುಚ್ಚು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಿಂದ ಹಿಡಿದು ದೇವರ ಚಿತ್ರದವರೆಗೆ ಕೈಗೆ ಸಿಕ್ಕಿದ್ದನ್ನೆಲ್ಲ ಪ್ಲಾಸ್ಟಿಕ್ಕಿನೊಳಗೆ ಹಾಕಿಸಿ ಊರಿಗೆ ಒಯ್ಯುತ್ತಿದ್ದೆವು. ವಾದಿ ಅದಾಯ್‌ನ ಟೈಪಿಂಗ್ ಅಂಗಡಿಗೆ ಹೊಸ ಯಂತ್ರ ಬಂದಿತ್ತು. ನಾನು ಎದುರಿಗೇ ನಿಂತು, ಮಡಿಕೆ ಸರಿಮಾಡಿಸಿ, ದಪ್ಪ ಪ್ಲಾಸ್ಟಿಕ್ಕನ್ನೇ ಹಾಕಿಸಿದೆ.

ಶೇಬಾ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು, ಬಗ್ಗಿಸಿ ನೋಡಿದರು, ಮೂಸಿಯೂ ನೋಡಿದರು. "ಜೈನ್, ಜೈನ್", ಚೆನ್ನಾಗಿದೆ, ಎಂದು ನನ್ನ ಬೆನ್ನು ತಟ್ಟಿದರು. ಅವರಿಗೆ ಓದು ಅಷ್ಟಕ್ಕಷ್ಟೆ. ನನಗೆ ಅರಬಿ ಅಕ್ಷರ ಬರುತ್ತಿರಲಿಲ್ಲ. ಲೈಸೆನ್ಸಿನ ಹಿಂಬದಿಯಲ್ಲಿ ಪ್ರತಿವರ್ಷ ಮೊಹರು ಹಾಕಲು ಚೌಕಗಳಿದ್ದವು. ಮೂರು ತುಂಬಿದ್ದವು, ಉಳಿದವು ಖಾಲಿ. ಆ ಖಾಲಿ ಚೌಕಗಳ ಗತಿ ಇನ್ನೇನು ಎಂದು ಇಬ್ಬರೂ ಯೋಚಿಸಲಿಲ್ಲ.

ಯೋಚಿಸಿದವನು ನಿಜ್ವಾ ರಸ್ತೆಯ ಒಬ್ಬ ಎಳೆಯ ಸಾರ್ಜೆಂಟ್. ಎರಡು ತಿಂಗಳಾಗಿತ್ತು, ಬೆಳಗಿನ ಹತ್ತರ ಹೊತ್ತು. ಶೇಬಾ ಎಂದಿನಂತೆ ತಾವೇ ಮೊದಲು ಹೇಳಿದರು, ಕೇಳಿ ಕಾಗದ ತೆಗೆದರು. ಸಾರ್ಜೆಂಟ್ ಲೈಸೆನ್ಸನ್ನು ಬಿಸಿಲಿಗೆ ಹಿಡಿದು ನೋಡಿದ. ನಮ್ಮಿಬ್ಬರನ್ನೂ ಕೆಳಗಿಳಿಸಿದ. ಒರಟಾಗಿ ಏನೂ ನಡೆದುಕೊಳ್ಳಲಿಲ್ಲ, ಅದನ್ನು ಹೇಳಬೇಕು. ಮುಂದಿನ ತಿಂಗಳು ಈ ವರ್ಷದ ಮೊಹರು ಎಲ್ಲಿ ಹಾಕುವುದು, ಸರ್ಕಾರದ ದಾಖಲೆಯನ್ನು ಹೀಗೆ ಮುಚ್ಚಿದ್ದು ಏಕೆ, ಒಳಗೆ ಏನಾದರೂ ತಿದ್ದಿದ್ದೀರಾ ಎಂದು ಕೇಳಿದ. ಅವನ ಪ್ರಶ್ನೆ ನ್ಯಾಯವಾದದ್ದೇ. ನನಗೂ ಅರ್ಥವಾಗಲಿ ಎಂದೋ ಏನೋ, ಕೊನೆಯ ಪ್ರಶ್ನೆಯನ್ನು ಹಿಂದಿಯಲ್ಲಿ ಕೇಳಿದ.

"ಇದನ್ನು ಮಾಡಿದ್ದು ಯಾರು?"

ಆಗ ನನ್ನ ವೀಸಾ ನವೀಕರಣಕ್ಕೆ ಹೋಗಿತ್ತು. ಊರಿನಲ್ಲಿ ತಂಗಿಗೆ ಗಂಡು ಗೊತ್ತಾಗಿತ್ತು. ಬಂದೂಕಿನ ದಾಖಲೆಯಲ್ಲಿ ವಿದೇಶಿಯೊಬ್ಬ ಕೈ ಆಡಿಸಿದ್ದಾನೆ ಎಂದು ಗೊತ್ತಾದರೆ ನನ್ನ ವೀಸಾಕ್ಕೆ ಹೊಣೆಯಾದ ಕಫೀಲ್ ನನ್ನ ಪರ ನಿಲ್ಲುತ್ತಿದ್ದನೇ? ಮಾರನೆಯ ದಿನವೇ ಟಿಕೆಟ್ ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದ. ಇದನ್ನೆಲ್ಲ ಯೋಚಿಸಿ ಸುಮ್ಮನಾದೆ ಎಂದರೆ ಅದೂ ಸುಳ್ಳಾಗುತ್ತದೆ. ಯೋಚನೆಗೆ ಸಮಯವೇ ಇರಲಿಲ್ಲ. ನನಗೆ ಹೆದರಿಕೆಯಾಯಿತು, ನಾಲಗೆ ಏಳಲಿಲ್ಲ, ಅಷ್ಟೆ.

"ನಾನೇ" ಎಂದರು ಶೇಬಾ.

"ಏಕೆ?"

"ನೀರಿನಲ್ಲಿ ತೊಯ್ದಿತ್ತು. ಮುದುಕನ ಬುದ್ಧಿ, ಮಗನೇ."

ಸಾರ್ಜೆಂಟ್ ನನ್ನ ಕಡೆ ನೋಡಿದ. ನಾನು ಪಿಕಪ್ಪಿನ ಟೈರಿನ ಕಡೆ ನೋಡಿದೆ. ಅವನು ಹೇಳಿಕೆ ಬರೆದುಕೊಂಡ, ಶೇಬಾ ಸಹಿ ಹಾಕಿದರು. ಹೊಸ ಲೈಸೆನ್ಸ್ ಆಗುವವರೆಗೆ ಬಂದೂಕು ಠಾಣೆಯಲ್ಲೇ ಇರಬೇಕು ಎಂದು ರಸೀದಿ ಕೊಟ್ಟು, ಕಂಬಳಿಯನ್ನು ಮಾತ್ರ ಮಡಿಚಿ ವಾಪಸು ಕೊಟ್ಟ.

ಮತ್ತೆ ಗಾಡಿ ಹೊರಟಿತು. ಆಮೇಲೆ ನಾನು ಮುಂದಿನ ಠಾಣೆಯಲ್ಲಿ ಇಳಿದು ನಿಜ ಹೇಳುತ್ತೇನೆ ಎಂದೆ. ಹೇಳುವಾಗಲೇ, ಬೇಡ ಎನ್ನಲಿ ಎಂದು ಒಳಗೊಳಗೇ ಆಸೆಯಿತ್ತು; ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಅವರು ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದರು: "ನೀನು ಹೇಳಿದರೆ ನಿನ್ನನ್ನು ವಿಮಾನ ಹತ್ತಿಸುತ್ತಾರೆ. ನನ್ನನ್ನು ಎಲ್ಲಿಗೆ ಕಳಿಸುತ್ತಾರೆ? ನನ್ನ ಮನೆಗೇ ತಾನೇ? ಖಲಾಸ್. ಪಂಪು ಯಾರ ತೋಟದ್ದು ಇವತ್ತು?"

ಹೊಸ ಲೈಸೆನ್ಸಿಗೆ ಅರ್ಜಿ, ಊರಿನ ಅಧಿಕಾರಿಯ ಪತ್ರ, ವಿಚಾರಣೆ ಎಂದು ಎಂಟು ತಿಂಗಳು ಹಿಡಿಯಿತು. ನಡುವೆ ಅವರ ಒಬ್ಬನೇ ಮಗನ ಮದುವೆ ಬಂತು. ನಾನೂ ಹೋಗಿದ್ದೆ. ಗಂಡಸರು ಸಾಲುಗಟ್ಟಿ ಹೊರಟರು. ಊರಿನ ಹಿರಿಯರ ಹೆಗಲಿನಲ್ಲೆಲ್ಲ ಬಂದೂಕುಗಳು. ಎಲ್ಲರಿಗಿಂತ ಮುಂದೆ, ಮದುಮಗನ ತಂದೆಯ ಕೈಯಲ್ಲಿ ಒಂದು ಬೆತ್ತ. ಅವರ ಸ್ವಂತ ಮನೆಯಲ್ಲಿ ತಂದೆಯ ಬಂದೂಕು ಹೆಗಲೇರಬೇಕಾದ ಮದುವೆ ಅದೊಂದೇ ಆಗಿತ್ತು, ಏಕೆಂದರೆ ಉಳಿದದ್ದೆಲ್ಲ ಹೆಣ್ಣುಮಕ್ಕಳು. ಬಂದೂಕು ಎಲ್ಲಿ ಎಂದು ಬಂದವರೆಲ್ಲ ಕೇಳಿದರು. ಇವರು ಪ್ರತಿಯೊಬ್ಬರಿಗೂ ಅದೇ ಉತ್ತರ ಕೊಟ್ಟರು: ಲೈಸೆನ್ಸನ್ನು ಪ್ಲಾಸ್ಟಿಕ್ಕಿಗೆ ಹಾಕಿಸಿದೆ, ಪೊಲೀಸರು ಇಟ್ಟುಕೊಂಡರು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರೂ ನಕ್ಕರು. ಸಂಜೆಯಾಗುವಷ್ಟರಲ್ಲಿ ಅವರಿಗೆ ಅಬು ಪ್ಲಾಸ್ಟಿಕ್, ಪ್ಲಾಸ್ಟಿಕ್ಕಿನ ಅಪ್ಪ, ಎಂದು ಹೆಸರಾಗಿತ್ತು. ಪೊಲೀಸರ ಎದುರು ಹೇಗೆ ನಡೆದುಕೊಳ್ಳಬೇಕು ಎಂದು ಕೇಳಲು ಊರಿನವರು ಹುಡುಕಿಕೊಂಡು ಬರುತ್ತಿದ್ದ ಮನುಷ್ಯ ಅವರು. ನನಗೆ ನಾಚಿಕೆಯಾಗಿತ್ತು. ಆದರೂ ಬಾಯಿ ಬಿಡಲಿಲ್ಲ.

ಬಂದೂಕು ವಾಪಸು ಬಂತು, ನನ್ನ ವೀಸಾ ಬಂತು, ತಂಗಿಯ ಮದುವೆಯೂ ಆಯಿತು. ಅವರು ಆ ವಿಷಯವನ್ನು ಮತ್ತೆ ಎತ್ತಲಿಲ್ಲ. ಗಾಡಿಯಲ್ಲಿ ಹಿಂದಿನಂತೆಯೇ ನನ್ನ ಊಟದ ಉಪ್ಪಿನಕಾಯಿಯನ್ನು ಬೈಯುತ್ತಾ ಅದನ್ನೇ ಹೆಚ್ಚು ತಿನ್ನುತ್ತಿದ್ದರು. ತೊಂಬತ್ತರ ಮೊದಲ ವರ್ಷಗಳಲ್ಲಿ ಕಣ್ಣು ಮಂಜಾಗಿ ಗಾಡಿ ಬಿಟ್ಟು ಹಳ್ಳಿಗೆ ಹೋದರು. ನಾನು ಕಂಪನಿಯ ರುಸೈಲ್ ಗೋದಾಮಿಗೆ ಬದಲಾದೆ, ವರ್ಷಕ್ಕೊಮ್ಮೆ ಈದ್‌ಗೆ ಹೋಗಿ ನೋಡಿ ಬರುತ್ತಿದ್ದೆ. ಐದಾರು ವರ್ಷ ಹಾಗೆ ನಡೆಯಿತು. ಒಂದು ದಿನ ಅವರ ಮಗ ಫೋನು ಮಾಡಿದ. ಬೆಳಗಿನ ನಮಾಜು ಮುಗಿಸಿ ಮಲಗಿದವರು ಏಳಲಿಲ್ಲವಂತೆ.

ಮೂರನೆಯ ದಿನ ಹೋದೆ. ಮಸೀದಿಯ ಪಕ್ಕದ ಉದ್ದನೆಯ ಕೋಣೆಯಲ್ಲಿ ಗಂಡಸರು ಗೋಡೆಗೆ ಒರಗಿ ಕುಳಿತಿದ್ದರು. ನನಗೂ ಜಾಗ ಮಾಡಿ, ಖರ್ಜೂರ, ಕಾಫಿ ಕೊಟ್ಟರು. ಸ್ವಲ್ಪ ಹೊತ್ತಿಗೆ ಒಬ್ಬ ಹಿರಿಯರು ಸತ್ತವರ ಗುಣಗಳನ್ನು ಹೇಳತೊಡಗಿದರು. ಒಳ್ಳೆಯವರು, ಸತ್ಯವಂತರು ಎಂದೆಲ್ಲ ಹೇಳಿ ಕೊನೆಗೆ, "ಅಷ್ಟು ಬುದ್ಧಿವಂತ, ಆದರೆ ಲೈಸೆನ್ಸನ್ನು ಪ್ಲಾಸ್ಟಿಕ್ಕಿಗೆ ಹಾಕಿಸಿಬಿಟ್ಟ ನೋಡಿ!" ಎಂದರು. ಸಾವಿನ ಮನೆಯಲ್ಲೂ ಎಲ್ಲರೂ ಮೆಲ್ಲಗೆ ನಕ್ಕರು. ಮಗನೂ ಕಣ್ಣೊರೆಸಿಕೊಂಡು ನಕ್ಕ.

ಅಷ್ಟು ವರ್ಷಗಳ ಮೇಲೆ ನನಗೆ ಬಾಯಿ ಬಂತು. ಇದ್ದಬದ್ದ ಅರಬಿಯನ್ನೆಲ್ಲ ಕೂಡಿಸಿ, ಅದು ಅವರಲ್ಲ, ನಾನು ಎಂದೆ. ಅಂಗಡಿಗೆ ಒಯ್ದವನು ನಾನು, ಪೊಲೀಸರ ಮುಂದೆ ಸುಮ್ಮನಿದ್ದವನೂ ನಾನು, ಅವರು ನನ್ನನ್ನು ಉಳಿಸಲು ಸುಳ್ಳು ಹೇಳಿದರು ಎಂದೆ. ಹೇಳುತ್ತಾ ಹೇಳುತ್ತಾ ಅಳು ಬಂತು.

ಹಿರಿಯರು ಎದ್ದು ಬಂದು ನನ್ನ ಹಣೆಗೆ ಮುತ್ತಿಟ್ಟರು. "ಅವನು ಪೊಲೀಸರಿಗೆ ಎಂದೂ ಸುಳ್ಳು ಹೇಳಿದವನಲ್ಲ. ಮದುವೆಯ ದಿನ ನಮಗೂ ತಾನೇ ಬಾಯಿಬಿಟ್ಟು ಹೇಳಿದ್ದಾನೆ. ಸತ್ತ ಗೆಳೆಯನ ಮೇಲೆ ಜನ ನಗಬಾರದೆಂದು ತಪ್ಪನ್ನು ನಿನ್ನ ಮೇಲೆ ಹಾಕಿಕೊಳ್ಳುತ್ತಿದ್ದೀಯ. ನಿನ್ನಂಥವರು ಈಗ ಎಲ್ಲಿದ್ದಾರೆ" ಎಂದರು. ಕುಳಿತವರೆಲ್ಲ ತಲೆದೂಗಿದರು. ಅಲ್ಲ, ಅಲ್ಲ ಎಂದು ನಾನು ಇನ್ನೆರಡು ಸಲ ಹೇಳಿದೆ. ಹೇಳಿದಷ್ಟೂ ಅವರಿಗೆ ನನ್ನ ಮೇಲೆ ಗೌರವ ಹೆಚ್ಚಿತು. ಆ ಊರಿನಲ್ಲಿ ಅವರು ಇಂದಿಗೂ ಲೈಸೆನ್ಸಿಗೆ ಪ್ಲಾಸ್ಟಿಕ್ ಹಾಕಿಸಿದ ಪೆದ್ದ, ನಾನು ಗೆಳೆಯನ ಮಾನಕ್ಕಾಗಿ ಸುಳ್ಳು ಹೇಳಿದ ದೊಡ್ಡ ಮನುಷ್ಯ.