ಹೌಸ್‌ಫುಲ್ ಆದಾಗ ನಾಲ್ಕನೆಯವನು

ಬೇಸ್‌ಬಾಲಿನಲ್ಲಿ ಮೂರು ಬೇಸಿನ ಮೇಲೂ ಹೊಡೆಯುವ ಕಡೆಯವರೇ ನಿಂತಿರುವ ಸ್ಥಿತಿಗೆ ನಮ್ಮ ಕ್ಯಾಂಪಿನಲ್ಲಿ ‘ಹೌಸ್‌ಫುಲ್’ ಎನ್ನುತ್ತಿದ್ದೆವು. ಆ ಹೆಸರು ಇಟ್ಟವರು ಕ್ಯಾಂಪಿನ ಗೇಟಿನ ಹತ್ತಿರ ಬಕಾಲೆ, ಅಂದರೆ ದಿನಸಿ ಅಂಗಡಿ ನಡೆಸುತ್ತಿದ್ದ ಭಟ್ಕಳದವರು ಎಂದು ನನ್ನ ನೆನಪು. ಅಲ್ಲ, ತಾನೇ ಇಟ್ಟದ್ದು ಎಂದು ನನ್ನ ರೂಮಿನವ ಹೇಳುತ್ತಾನೆ. ಇಷ್ಟು ಸಣ್ಣ ವಿಷಯದಲ್ಲೇ ನಮ್ಮಿಬ್ಬರ ನೆನಪು ಹೊಂದುವುದಿಲ್ಲ. ಹಾಗಾಗಿ ಮುಂದೆ ಬರೆಯುವುದರಲ್ಲಿ ಸಂಶಯ ಬಂದ ಕಡೆ ಸಂಶಯ ಎಂದೇ ಬರೆಯುತ್ತೇನೆ.

ಜಿದ್ದಾದಿಂದ ಉತ್ತರಕ್ಕೆ ಸಮುದ್ರದ ಬದಿಯಲ್ಲಿ ಒಂದು ವಿದ್ಯುತ್ ಸ್ಥಾವರ ಕಟ್ಟುವ ಕೆಲಸ ನಡೆಯುತ್ತಿತ್ತು. ಇಕಾಮಾ, ಅಂದರೆ ವಾಸದ ಪರವಾನಗಿ ಸರಿಪಡಿಸಿಕೊಳ್ಳಲು ಎಲ್ಲರೂ ಕೆಲಸಕ್ಕೆ ಕರೆಸಿಕೊಂಡ ಕಫೀಲನ ಹಿಂದೆ ಓಡಾಡುತ್ತಿದ್ದ ವರ್ಷ ಅದು, ಎರಡು ಸಾವಿರದ ಹದಿಮೂರು ಇರಬೇಕು. ಮಂಗಳೂರಿನಲ್ಲಿ ಸಂಖ್ಯಾಶಾಸ್ತ್ರ ಓದಿದ್ದ ನನಗೆ ಅಲ್ಲಿ ಸಿಕ್ಕಿದ್ದು ಕಾಂಕ್ರೀಟ್ ಪರೀಕ್ಷೆಯ ಕೆಲಸ. ಸಿಮೆಂಟಿನ ಗಟ್ಟಿಗಳನ್ನು ಯಂತ್ರದಲ್ಲಿ ಒತ್ತಿ ಒಡೆಯುವುದು, ಯಾವುದು ಎಷ್ಟು ಭಾರಕ್ಕೆ ಬಿರಿಯಿತು ಎಂದು ಕಂಪ್ಯೂಟರಿಗೆ ತುಂಬುವುದು. ಒಂದು ಕಡೆ ಕೂರುವ ಜಾತಿ ನನ್ನದಲ್ಲ. ಆ ಕೆಲಸ ಬಿಡಬೇಕು ಎಂದು ಸೇರಿದ ತಿಂಗಳಿನಿಂದಲೇ ಹೇಳುತ್ತಿದ್ದೆ.

ರೂಮಿನವ ಉಪ್ಪಿನಂಗಡಿ ಕಡೆಯವ, ನೀರಿನ ಟ್ಯಾಂಕರ್ ಓಡಿಸುತ್ತಿದ್ದ. ನಾವಿಬ್ಬರೂ ಮಾತಾಡುತ್ತಿದ್ದದ್ದು ಬ್ಯಾರಿ ಭಾಷೆಯಲ್ಲಿ. ಕನ್ನಡದಲ್ಲಿ ಬರೆಯುವಾಗಲೇ ಅವನ ಮಾತು ಒಂದಷ್ಟು ಸಭ್ಯವಾಗಿಬಿಡುತ್ತದೆ. ಊರಿನಲ್ಲಿ ಅವನು ಅಂಡರ್‌ಆರ್ಮ್ ಕ್ರಿಕೆಟಿನಲ್ಲಿ ಹೆಸರು ಮಾಡಿದವ. ಗದ್ದೆಯಲ್ಲಿ ಪಂದ್ಯ ಇದ್ದರೆ ಪಕ್ಕದ ಊರಿನವರು ಬೈಕ್ ಕಳಿಸಿ ಕರೆಸಿಕೊಳ್ಳುತ್ತಿದ್ದರಂತೆ. ಇಲ್ಲಿ ವಾರವಿಡೀ ಟ್ಯಾಂಕರ್ ತುಂಬಿಸು, ಖಾಲಿ ಮಾಡು. ಯಾರೂ ಅವನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ, ‘ಮೋಯಾ’ ಎನ್ನುತ್ತಿದ್ದರು, ಅರಬಿಯಲ್ಲಿ ನೀರು.

ಶುಕ್ರವಾರ ಬೆಳಿಗ್ಗೆ ಮಾತ್ರ ಬೇರೆ. ಕ್ಯಾಂಪಿನ ಹಿಂದಿನ ಬಯಲಿನಲ್ಲಿ ಫಿಲಿಪಿನೋಗಳು ಬೇಸ್‌ಬಾಲ್ ಆಡುತ್ತಿದ್ದರು. ಬೇಸ್ ಎಂದರೆ ಮರಳು ತುಂಬಿಸಿ ಹೊಲಿದ ಸಿಮೆಂಟ್ ಚೀಲ. ಧೂಳು ಏಳದ ಹಾಗೆ ಆಟಕ್ಕೆ ಮೊದಲು ನನ್ನ ರೂಮಿನವ ಟ್ಯಾಂಕರಿನಿಂದ ನೀರು ಚಿಮುಕಿಸುತ್ತಿದ್ದ. ಒಂದು ಸಲ ಆಳು ಕಡಿಮೆ ಬಿದ್ದು ಅವನ ಕೈಗೆ ಬ್ಯಾಟ್ ಕೊಟ್ಟರು. ಮೊದಲ ಚೆಂಡನ್ನೇ ನೆಲಕ್ಕೆ ಒತ್ತಿ ಇಬ್ಬರ ನಡುವಿನಿಂದ ದಾಟಿಸಿದ. ಹೊಡೆದ ಮೇಲೆ ಬ್ಯಾಟ್ ಬಿಟ್ಟು ಓಡಬೇಕೆಂದು ಗೊತ್ತಿಲ್ಲದೆ, ಬ್ಯಾಟ್ ಹಿಡಿದೇ ಓಡಿ, ಅದನ್ನು ಮುಂದೆ ಚಾಚಿ ಸಿಮೆಂಟ್ ಚೀಲಕ್ಕೆ ಮುಟ್ಟಿಸಿದ. ಎಲ್ಲರೂ ನಕ್ಕರು. ಕೆಲವು ವಾರಗಳಲ್ಲಿ ಅವನು ತಂಡದ ನಾಲ್ಕನೆಯ ಹೊಡೆಗಾರನಾಗಿದ್ದ. ನನಗೆ ಅಂಕ ಬರೆಯುವ ಕೆಲಸ. ಬಿಳಿ ಬೋರ್ಡಿನ ಮೇಲೆ ಬರೆದು ಆಟ ಮುಗಿದ ಮೇಲೆ ಒರೆಸುತ್ತಿದ್ದೆ. ಯಾವುದನ್ನೂ ಇಟ್ಟುಕೊಂಡಿಲ್ಲ.

ನಾಲ್ಕನೆಯ ಜಾಗದ ಮಹತ್ವ ಇಷ್ಟೇ: ಮೊದಲ ಮೂವರು ಹೊಡೆದೋ, ಎಸೆಗಾರನ ತಪ್ಪಿನಿಂದಲೋ ಮೂರು ಬೇಸಿಗೆ ಹೋಗಿ ನಿಂತರೆ, ಅವರನ್ನು ಮನೆಗೆ, ಅಂದರೆ ಹೊಡೆಗಾರ ನಿಲ್ಲುವ ಬೇಸಿಗೆ ತಂದು ಅಂಕ ಮಾಡಿಸುವವನು ನಾಲ್ಕನೆಯವನು. ಹೌಸ್‌ಫುಲ್ ಹೆಚ್ಚಾಗಿ ಅವನ ಪಾಲಿಗೇ ಬರುತ್ತದೆ. ಮತ್ತು ಹೌಸ್‌ಫುಲ್ ಆದಾಗ ನನ್ನ ರೂಮಿನವ ಕೈಕೊಡುತ್ತಾನೆ ಎಂಬ ಮಾತು ಕ್ಯಾಂಪಿನಲ್ಲಿ ಹಬ್ಬಿತು. ಬೇಸ್ ಖಾಲಿ ಇದ್ದಾಗ ಹುಲಿ, ತುಂಬಿದಾಗ ಇಲಿ. ಭಟ್ಕಳದವರು ಸುಲೈಮಾನಿ ಚಾದ ಫ್ಲಾಸ್ಕ್ ಹಿಡಿದು ಗೆರೆಯ ಆಚೆ ಕೂತು, “ಹೌಸ್‌ಫುಲ್ ಆದರೆ ನಿಮ್ಮ ದೋಸ್ತನಿಗೆ ಟಿಕೆಟ್ ಸಿಗುವುದಿಲ್ಲ ಅಲ್ವಾ?” ಎಂದು ನನ್ನನ್ನು ಕೆಣಕುತ್ತಿದ್ದರು. ಇದು ಅವನ ಕಿವಿಗೂ ಬಿದ್ದಿತ್ತು.

ಆ ಹೊತ್ತಿಗೆ ಹೊಸ ಎಲೆಕ್ಟ್ರಿಷಿಯನ್ ಒಬ್ಬ ಬಂದ. ಮನಿಲಾದಲ್ಲಿ ಕಾಲೇಜು ತಂಡಕ್ಕೆ ಆಡಿದವ. ಅವನನ್ನು ನಾಲ್ಕನೆಯವನಾಗಿ ಇಳಿಸಿ, ನನ್ನ ರೂಮಿನವನನ್ನು ಕೊನೆಯ ಜಾಗಕ್ಕೆ, ಒಂಬತ್ತಕ್ಕೆ ತಳ್ಳುವ ಯೋಚನೆ ಕ್ಯಾಪ್ಟನಿಗೆ ಬಂತು. ಕ್ಯಾಪ್ಟನ್ ಕ್ರೇನ್ ಓಡಿಸುತ್ತಿದ್ದ, ನಿಧಾನದ ಮನುಷ್ಯ. ಹಿಂದಿ, ಇಂಗ್ಲಿಷ್, ಅರಬಿ ಸೇರಿಸಿ ಮಾತಾಡುತ್ತಿದ್ದ. ಒಂದು ದಿನ ಮೆಸ್ಸಿನಲ್ಲಿ ನನ್ನ ಎದುರು ತಟ್ಟೆ ಇಟ್ಟು ಕೂತ.

“ನೀನು ಅಂಕಿಸಂಖ್ಯೆ ಓದಿದವ. ಬೋರ್ಡು ಬರೆದವನೂ ನೀನೇ. ತುಂಬಿದಾಗ ನಿನ್ನ ರೂಮಿನವ ಹೊಡೆಯುತ್ತಾನಾ, ಇಲ್ಲವಾ? ನೀನು ಹೇಳಿದ ಹಾಗೆ ಮಾಡುತ್ತೇನೆ.”

ನನಗೆ ಅವನ ಮೂರು ಸೋಲುಗಳು ಕಣ್ಣಿಗೆ ಕಟ್ಟಿದ ಹಾಗೆ ನೆನಪಿದ್ದವು. ಒಂದರಲ್ಲಿ ಚೆಂಡು ನೇರ ಎಸೆಗಾರನ ಕೈಗೆ ಉರುಳಿತ್ತು. ಇನ್ನೊಂದರಲ್ಲಿ ಅವನು ಹೊಡೆದು, ಓಡದೆ, ಮೂರನೆಯ ಬೇಸಿನವನ ಕಡೆ ಅಂಗೈ ಎತ್ತಿ ‘ಬೇಡ’ ಎಂದಿದ್ದ, ಕ್ರಿಕೆಟಿನಲ್ಲಿ ಎದುರಿನವನನ್ನು ತಡೆಯುವ ಹಾಗೆ. ಕ್ರಿಕೆಟಿನಲ್ಲಿ ಹೊಡೆದ ಮೇಲೆ ಓಡುವುದು ಬಿಡುವುದು ಆಡುವವನ ಇಷ್ಟ. ಬೇಸ್‌ಬಾಲಿನಲ್ಲಿ ಹೊಡೆದವನು ಓಡಲೇಬೇಕು, ಹೌಸ್‌ಫುಲ್ ಆದಾಗ ಅವನ ಮುಂದಿರುವ ಮೂವರೂ ಓಡಲೇಬೇಕು. ಮೂರನೆಯ ಬೇಸಿನವನು ಆ ಕೈ ನೋಡಿ ಅರೆಕ್ಷಣ ನಿಂತ, ಅಷ್ಟರಲ್ಲಿ ಮನೆಯ ಬೇಸಿಗೆ ಚೆಂಡು ಬಂದಾಗಿತ್ತು. ಮೂರನೆಯ ಸೋಲು ಏನೆಂದು ಈಗ ಮರೆತಿದ್ದೇನೆ, ಆದರೆ ಮೂರು ಎಂಬುದು ಮರೆತಿಲ್ಲ. ಇದೇ ನನಗೆ ಅನುಮಾನ ಹುಟ್ಟಿಸುತ್ತದೆ.

ಅವನು ಹೌಸ್‌ಫುಲ್ಲಿನಲ್ಲಿ ಗೆದ್ದದ್ದು ಎಷ್ಟು ಸಲ? ಒಂದೂ ನೆನಪಾಗಲಿಲ್ಲ. ಗೆಲ್ಲಲಿಲ್ಲ ಎಂದು ಅದರ ಅರ್ಥವಲ್ಲ. ಬೇಸ್ ಖಾಲಿ ಇದ್ದಾಗ ನಾವು ಚಾ ಕುಡಿಯುತ್ತಿದ್ದೆವು, ಹರಟುತ್ತಿದ್ದೆವು, ಅವನು ಔಟಾದರೂ ಯಾರ ಗಮನಕ್ಕೂ ಬರುತ್ತಿರಲಿಲ್ಲ. ಹೌಸ್‌ಫುಲ್ ಆದ ಕೂಡಲೇ ಎಲ್ಲರೂ ಎದ್ದು ನಿಲ್ಲುತ್ತಿದ್ದರು. ಎದ್ದು ನಿಂತು ನೋಡಿದ ಸೋಲು ತಲೆಯಲ್ಲಿ ಕೂರುತ್ತದೆ. ಇನ್ನೊಂದು ವಿಷಯ: ಲೆಕ್ಕ ಹಾಕಿದರೆ ಹೌಸ್‌ಫುಲ್ಲಿನಲ್ಲಿ ಹೊಡೆಯುವುದು ಸುಲಭವಾಗಬೇಕು. ಎಸೆಗಾರ ಚೆಂಡನ್ನು ಪದೇಪದೇ ಆಚೀಚೆ ಎಸೆದರೆ ಹೊಡೆಗಾರನಿಗೆ ಮೊದಲ ಬೇಸ್ ಪುಕ್ಕಟೆ. ಬೇಸೆಲ್ಲ ತುಂಬಿದ್ದರೆ ಅವನು ಬಂದ ಕೂಡಲೇ ಉಳಿದವರು ಒಂದೊಂದು ಮುಂದೆ ಸರಿದು, ಒಬ್ಬ ಮನೆ ಸೇರುತ್ತಾನೆ. ಆ ಹೆದರಿಕೆಗೆ ಎಸೆಗಾರ ಚೆಂಡನ್ನು ನಡುವಿಗೇ ಎಸೆಯಬೇಕಾಗುತ್ತದೆ. ಎದೆ ಹೊಡೆದುಕೊಳ್ಳಬೇಕಾದದ್ದು ಎಸೆಗಾರನದ್ದು.

ಇಷ್ಟನ್ನೂ ಕ್ಯಾಪ್ಟನಿಗೆ ಹೇಳಿದೆ. ಕೊನೆಗೆ, ನನಗೆ ಗೊತ್ತಿಲ್ಲ ಎಂದೆ. ಇಷ್ಟು ಓದಿ ಗೊತ್ತಿಲ್ಲ ಎನ್ನುವುದಾದರೆ ತಾನು ಓದದೇ ಇದ್ದದ್ದು ಒಳ್ಳೆಯದಾಯಿತು ಎಂದು ಅವನು ನಕ್ಕ. ನಂತರ, ಇನ್ನೊಂದು ಶುಕ್ರವಾರ ನೋಡೋಣ, ಕೊರಿಯನ್ ಕ್ಯಾಂಪಿನವರ ಜೊತೆ ಆಟ ಇದೆ, ಅದರಲ್ಲೂ ಕೈಕೊಟ್ಟರೆ ಒಂಬತ್ತನೆಯವನು ಎಂದು ಹೇಳಿ ಎದ್ದುಹೋದ.

ರೂಮಿಗೆ ಬಂದು ಹೇಳಿದಾಗ ನನ್ನ ರೂಮಿನವ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ. ಕಾಲರ್ ಮುಗಿಸಿ ಅಂಗಿಯನ್ನು ಮೊಳೆಗೆ ತೂಗುಹಾಕಿದ. ಒಂಬತ್ತನೆಯವನಾಗಿ ಹೋಗುವುದಕ್ಕಿಂತ ಶುಕ್ರವಾರ ಬಟ್ಟೆ ಒಗೆದು ಮಲಗುತ್ತೇನೆ ಎಂದ. ಅದು ಬರೀ ಸಿಟ್ಟಿನ ಮಾತಲ್ಲ ಎಂದು ಗೊತ್ತಿತ್ತು. ಒಮ್ಮೆ ಬಿಟ್ಟರೆ ಅವನು ಬಿಟ್ಟ ಹಾಗೆಯೇ.

ಅವನ ಕೈಯಲ್ಲಿ ಏನು ತಪ್ಪಾಗುತ್ತಿದೆ ಎಂದು ನಾನು ಯೋಚಿಸಿದ್ದನ್ನು ಹೇಳಿದೆ. ನಮ್ಮ ಕಡೆ ಅಂಗಳದಲ್ಲಿ ಆಡುವಾಗ ಚೆಂಡು ಕಂಪೌಂಡ್ ಹಾರಿದರೆ ಔಟ್. ಪಕ್ಕದ ಮನೆಯ ಬಾವಿಗೋ ಹೆಂಚಿಗೋ ಬಿದ್ದರೆ ಆಟವೇ ನಿಂತುಹೋಗುತ್ತಿತ್ತು. ಹಾಗಾಗಿ ನೆಲಕ್ಕೆ ಒತ್ತಿ ಹೊಡೆಯುವುದೇ ನಮಗೆ ಬಂದ ವಿದ್ಯೆ, ಅದರಲ್ಲಿ ಅವನು ಎತ್ತಿದ ಕೈ. ಬೇಸ್ ಖಾಲಿ ಇದ್ದಾಗ ಅದು ನಡೆಯುತ್ತದೆ. ತುಂಬಿದ್ದಾಗ ನೆಲದ ಚೆಂಡು ಯಾರ ಕೈಗೆ ಸಿಕ್ಕಿದರೂ ಮನೆಯ ಬೇಸಿಗೆ ಎಸೆದರೆ ಸಾಕು, ಓಡಿ ಬರುವವನು ಔಟ್. ಮೇಲೆ ಹೊಡೆದರೆ ಹಾಗಲ್ಲ. ದೂರದಲ್ಲಿ ಕ್ಯಾಚ್ ಹಿಡಿದರೂ, ಹಿಡಿದ ಮೇಲೆ ಮೂರನೆಯ ಬೇಸಿನವನು ಮನೆಗೆ ಓಡಬಹುದು. ಅವನು ಮುಟ್ಟಿದರೆ ಒಂದು ಅಂಕ. ಮೂವರು ಔಟಾದರೆ ಸರದಿಯೇ ಮುಗಿಯುವುದರಿಂದ, ಇದು ಇಬ್ಬರು ಔಟಾಗುವುದಕ್ಕೆ ಮೊದಲಾಗಬೇಕು, ಅಷ್ಟೇ.

“ಕ್ಯಾಚ್ ಕೊಡಲಿಕ್ಕೆ ಬ್ಯಾಟ್ ಎಂತಕ್ಕೆ ಮಾರಾಯ?” ಎಂದ. “ಕೈಯಲ್ಲೇ ಕೊಟ್ಟು ಬರ್ತೇನೆ.”

ಶುಕ್ರವಾರ ಸಮುದ್ರದ ಕಡೆಯಿಂದ ತಣ್ಣನೆಯ ಗಾಳಿ ಇತ್ತು. ಜುಮಾ ನಮಾಜಿಗೆ ಸ್ನಾನ ಮಾಡಲು ಹೊತ್ತು ಉಳಿಯಬೇಕೆಂದು ಆಟ ಬೇಗ ಶುರುವಾಯಿತು. ಅವನು ನೀರು ಚಿಮುಕಿಸಿ ಟ್ಯಾಂಕರನ್ನು ಬಯಲಿನ ಆಚೆ ಕೊನೆಯಲ್ಲಿ ನಿಲ್ಲಿಸಿದ. ಕೊನೆಯ ಸರದಿ ನಮ್ಮದು, ಎರಡೂ ಕಡೆ ಅಂಕ ಸಮ. ನಮ್ಮವನೊಬ್ಬ ಔಟ್. ಹೌಸ್‌ಫುಲ್. ಮೂರನೆಯ ಬೇಸಿನಲ್ಲಿ ಕ್ಯಾಪ್ಟನ್. ನನ್ನ ರೂಮಿನವ ಬ್ಯಾಟ್ ಹಿಡಿದು ಬಂದ. ನಾನು ಗೆರೆಯ ಉದ್ದಕ್ಕೂ ಆಚೀಚೆ ನಡೆಯುತ್ತಿದ್ದೆ. ಭಟ್ಕಳದವರು, ಒಂದು ಕಡೆ ನಿಲ್ಲಿ ಭಾಯಿ, ಬೋರ್ಡು ಕಾಣುವುದಿಲ್ಲ ಎಂದು ಗದರಿದರು.

ಎಸೆಗಾರ ಮೊದಲ ಎರಡು ಚೆಂಡುಗಳನ್ನು ಹೊರಗೆ ಎಸೆದ. ನಂತರದ್ದು ನಡುವಿಗೆ ಬಂತು, ಬರಲೇಬೇಕಿತ್ತು. ನನ್ನ ರೂಮಿನವ ಅದನ್ನು ಎತ್ತಿ ಹೊಡೆದ. ನಾನು ಹೇಳಿದ್ದಕ್ಕೆ ಎತ್ತಿದನೋ, ಒತ್ತಲು ಹೋಗಿ ತಪ್ಪಿ ಎದ್ದಿತೋ, ಕೇಳಿದರೆ ಇವತ್ತಿಗೂ ಹೇಳುವುದಿಲ್ಲ. ಚೆಂಡು ಟ್ಯಾಂಕರಿನ ಕಡೆ ಹೋಯಿತು. ಕೊರಿಯನ್ ಒಬ್ಬ ಹಿಂದಕ್ಕೆ ಓಡಿ, ಟ್ಯಾಂಕರಿನ ನೆರಳಿನಲ್ಲಿ ಎರಡೂ ಕೈಯಲ್ಲಿ ಹಿಡಿದ. ಇದು ನಾನು ಕಂಡದ್ದು. ಕ್ಯಾಪ್ಟನ್ ಒಂದು ಕಾಲನ್ನು ಚೀಲಕ್ಕೆ ಒತ್ತಿ ಕಾದಿದ್ದು, ಹಿಡಿದ ಕ್ಷಣ ಓಡಿದ. ಎಸೆತ ಬರುವ ಮೊದಲು ಮನೆ ಮುಟ್ಟಿದ. ಗೆದ್ದಿದ್ದೆವು.

ನನ್ನ ರೂಮಿನವ ಅರ್ಧ ದಾರಿ ಓಡಿದ್ದ, ಬ್ಯಾಟ್ ಕೈಯಲ್ಲೇ ಇತ್ತು. ಕ್ಯಾಚ್ ನೋಡಿದವನೇ ತಿರುಗಿ, ಬ್ಯಾಟನ್ನು ಕಂಕುಳಲ್ಲಿ ಇಟ್ಟುಕೊಂಡು, ತಲೆ ತಗ್ಗಿಸಿ ಬಂದ, ಊರಿನ ಗದ್ದೆಯಲ್ಲಿ ಔಟಾದವನು ಬರುವ ಹಾಗೆ. ಹಿಂದಿನಿಂದ ಬಂದು ಫಿಲಿಪಿನೋಗಳು ಅವನನ್ನು ಎತ್ತಿಕೊಂಡರು. ಹೆಗಲ ಮೇಲಿನಿಂದ ನನ್ನನ್ನು ಹುಡುಕಿ, ಎಂತ ಇದು ಎಂದು ಕಣ್ಣಲ್ಲೇ ಕೇಳಿದ. ಚಾ ಹಂಚುವಾಗ ಮತ್ತೆ ವಿವರಿಸಿದೆ. ಔಟಾದವನನ್ನು ಹೊತ್ತು ಕುಣಿಯುವ ಆಟ ಇನ್ನೊಂದಿಲ್ಲ ಎಂದ. ನಾಲ್ಕನೆಯ ಜಾಗ ಅವನಿಗೇ ಉಳಿಯಿತು, ಎಲೆಕ್ಟ್ರಿಷಿಯನ್ ಐದನೆಯವನಾದ. ಅದಾದ ಮೇಲೆ ಅವನು ಹೌಸ್‌ಫುಲ್ಲಿನಲ್ಲಿ ಹೇಗೆ ಆಡಿದ ಎಂದು ಕೇಳಿದರೆ ಚೆನ್ನಾಗಿಯೇ ಎನ್ನುತ್ತೇನೆ, ಆದರೆ ಆ ನೆನಪನ್ನೂ ನಾನು ನಂಬುವುದಿಲ್ಲ. ಒಳ್ಳೆಯ ಅಭಿಪ್ರಾಯ ಬಂದ ಮೇಲೆ ಕಣ್ಣು ಬೇರೆಯೇ ಆಗಿರುತ್ತದೆ.

ನಾನು ಆ ಕೆಲಸ ಬಿಟ್ಟು ನಜ್ರಾನಿಗೆ ಹೋದೆ, ಅದನ್ನೂ ಬಿಟ್ಟು ಹಫ್ರ್ ಅಲ್ ಬಾತಿನ್‌ಗೆ. ಅಲ್ಲಿದ್ದಾಗ ಒಂದು ದಿನ ಅವನು ಜಿದ್ದಾದಿಂದ ಫೋನ್ ಮಾಡಿದ. ಹೊಸದಾಗಿ ಬಂದವರಿಗೆ ಆ ಕೊರಿಯನ್ನರ ಆಟದ ಕಥೆ ಹೇಳುತ್ತಿದ್ದನಂತೆ. ಚೆಂಡು ಟ್ಯಾಂಕರ್ ಹಾರಿ ಆಚೆ ಬಿತ್ತು, ನಾಲ್ವರೂ ಮನೆ ಸೇರಿದರು ಎಂಬುದು ಅವನ ಕಥೆ. ಯಾರೂ ನಂಬುತ್ತಿಲ್ಲ, ನೀನು ಒಂದು ಮಾತು ಹೇಳು ಎಂದು ಫೋನನ್ನು ಎಲ್ಲರಿಗೂ ಕೇಳುವ ಹಾಗೆ ಇಟ್ಟ.

ಚೆಂಡು ಹಾರಲಿಲ್ಲ, ಟ್ಯಾಂಕರಿನ ನೆರಳಿನಲ್ಲಿ ಕ್ಯಾಚ್ ಹಿಡಿದರು, ಒಬ್ಬನೇ ಮನೆಗೆ ಬಂದದ್ದು ಎಂದೆ.

“ಕ್ಯಾಚ್ ಹಿಡಿದಿದ್ದರೆ ಅವರು ನನ್ನನ್ನು ಎತ್ತಿಕೊಂಡು ಕುಣಿದದ್ದು ಎಂತಕ್ಕೆ?” ಎಂದ. “ಕುಣಿದದ್ದು ನೆನಪುಂಟಲ್ಲ ನಿನಗೆ?”

ನೆನಪುಂಟು ಎಂದೆ. ಆ ಕಡೆ ಕೇಳುತ್ತಿದ್ದವರು ಹೋ ಎಂದರು. ನಿಯಮ ವಿವರಿಸಲು ಶುರು ಮಾಡಿದೆ, ಆದರೆ ಅಷ್ಟರಲ್ಲಿ ಅವನು ಫೋನನ್ನು ಕಿವಿಗೆ ತೆಗೆದುಕೊಂಡು, ಊಟ ಆಯ್ತಾ ಎಂದು ಕೇಳುತ್ತಿದ್ದ.